ಉಸ್ತಾದನ ದಾರ

"ಅಪ್ಪಾರ, ನಾ ಇನ್ನ ಏನ್ ಬದಲಿ ಮಾಡ್ಲಿ?" ಎಂದು ಮುರಿಗೆಯ್ಯ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ದಿನವೂ ಮೂರು ತಾಸು ಕಾಲು ಮಡಿಚಿ, ಅಲುಗದೆ, ಒಂದೇ ಭಂಗಿಯಲ್ಲಿ ಧ್ಯಾನಕ್ಕೆ ಕೂರಬೇಕೆಂದು ಮಠದ ಗುರುಗಳಾದ ಅಪ್ಪಾರು ಹೇಳಿದ್ದರು. ಅವನು ಕೂತಿದ್ದ. ಮೊಣಕಾಲು ಸುಡುತ್ತಿತ್ತು, ಮನಸ್ಸು ನಿಲ್ಲುತ್ತಿರಲಿಲ್ಲ. ಕಂಬಳಿ ಬಿಟ್ಟು ಹತ್ತಿಯ ಗಾದಿ ಹಾಸಿದ, ಕೋಣೆ ಬಿಟ್ಟು ಬೇವಿನ ಮರದ ಕೆಳಗೆ ಹೋದ, ಹಳೆಯ ಜಪಮಾಲೆ ಬಿಟ್ಟು ಹೊಸದು ತಂದ. ಇಂದು ದಾರಿ ಸಿಗದಿದ್ದರೆ ನಾಳೆ ಮಠ ಬಿಡುವುದೆಂದು ಬಟ್ಟೆಬರೆಯ ಚೀಲವನ್ನೂ ಕಟ್ಟಿಕೊಂಡೇ ಬಂದಿದ್ದ.

ಅಪ್ಪಾರು ಆ ಚೀಲವನ್ನೊಮ್ಮೆ ನೋಡಿದರು. "ಕುಂದರು. ಹೋಗಾಂವ ಹೆಂಗೂ ಹೋಗ್ತಿ, ಒಂದ್ ಕತಿ ಕೇಳಿ ಹೋಗು," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ಸವಾರನಿದ್ದ. ಆ ಸೀಮೆಯಲ್ಲಿ ಕುಸ್ತಿಗೆ ಇದ್ದಂತೆ ಸೈಕಲ್ ಓಟಕ್ಕೂ ಉಸ್ತಾದರಿದ್ದರು. ಒಬ್ಬನನ್ನು ಶಿಷ್ಯನೆಂದು ಒಪ್ಪಿಕೊಂಡ ದಿನ ಉಸ್ತಾದ ತನ್ನ ಸೈಕಲ್ಲಿನ ಅಳತೆಯನ್ನು ಒಂದು ದಾರದಲ್ಲಿ ಹಿಡಿದು ಕೊಡುತ್ತಿದ್ದ. ಪೆಡಲಿನಿಂದ ಸೀಟಿನವರೆಗಿನ ಉದ್ದಕ್ಕೆ ಒಂದು ಗಂಟು, ಸೀಟಿನಿಂದ ಹ್ಯಾಂಡಲಿನವರೆಗಿನ ಉದ್ದಕ್ಕೆ ಇನ್ನೊಂದು. ಶಿಷ್ಯ ಯಾವ ಸೈಕಲ್ ಹತ್ತಿದರೂ ಆ ಎರಡು ಗಂಟಿಗೆ ಸರಿಯಾಗಿ ಕೂರಬೇಕು.

ಈ ಸವಾರನ ಉಸ್ತಾದ ದೊಡ್ಡ ಹೆಸರಿನವನು. ಮಾತು ಕಡಿಮೆ. ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದ. ಅದೊಂದು ಠೀವಿ ಎಂದುಕೊಂಡು ಶಿಷ್ಯರೆಲ್ಲರೂ ಹಾಗೆಯೇ ಕುಡಿಯುತ್ತಿದ್ದರು. ಅಂಗೈ ಸುಟ್ಟರೂ ಬಿಡುತ್ತಿರಲಿಲ್ಲ; ಶಿಷ್ಯರ ಭಕ್ತಿ ಅಷ್ಟು ಸುಲಭಕ್ಕೆ ತಣ್ಣಗಾಗುವುದಿಲ್ಲ.

ಸವಾರ ರೇಸ್ ಸೈಕಲ್ ಕೊಳ್ಳಲು ಪಟ್ಟಣಕ್ಕೆ ಹೋದ. ಅಂಗಡಿಯಾತ ಅವನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಕಾಲಿನ ಉದ್ದ ಅಳೆದು, ಒಂದು ಸೈಕಲ್ ಮುಂದಿಟ್ಟ. ಸವಾರ ಹತ್ತಿದ. ಬೆನ್ನು ಹಗುರವಾಯಿತು, ಮೊಣಕೈ ತಾನಾಗಿ ಮಡಿಚಿತು. ಬೀದಿಯಲ್ಲಿ ನಾಲ್ಕು ಸುತ್ತು ಹಾಕಿ ನಗುತ್ತಾ ಬಂದ. ಇಳಿದು, ಜೇಬಿನಿಂದ ದಾರ ತೆಗೆದು ಹಿಡಿದ. ಗಂಟು ಕೂಡಲಿಲ್ಲ.

"ಇದು ಸಣ್ಣದಾತು. ದೊಡ್ಡದು ಕೊಡ್ರಿ," ಎಂದ.

"ತಮ್ಮಾ, ಸೈಕಲ್ ಹತ್ತಾಂವ ನೀನೋ, ದಾರಾನೋ?" ಎಂದು ಅಂಗಡಿಯಾತ ಕೇಳಿದ. ದಾರಕ್ಕೆ ಸರಿಹೊಂದಿದ ದೊಡ್ಡ ಸೈಕಲ್ ಮನೆಗೆ ಬಂತು.

ಎಂಟೇ ದಿನದಲ್ಲಿ ಅವನ ಕುತ್ತಿಗೆ ಹಿಡಿಯಿತು. ಸೀಟು ಗಟ್ಟಿಯಿದೆ ಎಂದುಕೊಂಡು ಮೆತ್ತನೆಯ ಸೀಟು ಹಾಕಿಸಿದ. ನಾಲ್ಕು ದಿನ ಹಾಯೆನಿಸಿತು, ಆಮೇಲೆ ಮತ್ತೆ ಅದೇ ಹಾಡು. ಹ್ಯಾಂಡಲಿಗೆ ದಪ್ಪನೆಯ ಪಟ್ಟಿ ಸುತ್ತಿಸಿದ. ಅಗಲದ ಟೈರು ಹಾಕಿಸಿದ. ಹಗುರದ ಗಾಲಿ ತರಿಸಿದ. ಸೈಕಲ್ಲಿನಲ್ಲಿ ಹಳೆಯದೆಂದು ಉಳಿದದ್ದು ಆ ಎರಡು ಅಳತೆಗಳು ಮಾತ್ರ. ಕೊನೆಗೆ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಜೋಮು ಹಿಡಿಯಿತು. ಮೊದಲು ಸವಾರಿಯಲ್ಲಿ ಮಾತ್ರ, ಆಮೇಲೆ ರೊಟ್ಟಿ ಮುರಿಯುವಾಗಲೂ. ಅವನಿಗೆ ಭಯವಾಯಿತು.

ಒಂದು ದಿನ ಯಾರೂ ಇಲ್ಲದಾಗ ಸೀಟನ್ನು ಎರಡು ಬೆರಳು ಇಳಿಸಿ, ಪಕ್ಕದ ಊರಿನವರೆಗೆ ಹೋಗಿಬಂದ. ಏನೂ ನೋಯಲಿಲ್ಲ. ಅಷ್ಟು ಸುಖವಾಯಿತಲ್ಲ, ಅದೇ ಅವನಿಗೆ ತಪ್ಪು ಮಾಡಿದಂತೆ ಕಂಡಿತು. ಕದ್ದು ತಿಂದವನ ಹಾಗೆ ಆಚೆ ಈಚೆ ನೋಡಿ, ದಾರ ಹಿಡಿದು ಸೀಟನ್ನು ಮೊದಲಿನ ಎತ್ತರಕ್ಕೇ ಏರಿಸಿ ಬಿಗಿದ. ಸಂಜೆ ಉಸ್ತಾದನ ಕಾಲಿಗೂ ಬಿದ್ದ. ಯಾಕೆಂದು ಉಸ್ತಾದ ಕೇಳಲಿಲ್ಲ, ಇವನೂ ಹೇಳಲಿಲ್ಲ.

ರಾಜ್ಯದ ತಂಡಕ್ಕೆ ಆರಿಸುವ ಓಟ ಬಂತು. ವಯಸ್ಸು ಮೀರುತ್ತಿದ್ದುದರಿಂದ ಅವನಿಗೆ ಅದೇ ಕೊನೆಯ ಅವಕಾಶ. ನೂರು ಕಿಲೋಮೀಟರಿನ ದಾರಿ. ಮೊದಲು ಮುಟ್ಟುವ ಮೂವರಿಗೆ ತಂಡದಲ್ಲಿ ಜಾಗ. ಎಪ್ಪತ್ತನೆಯ ಕಿಲೋಮೀಟರಿನಲ್ಲಿ ಒಂದು ಏರು ಮುಗಿಯುವಲ್ಲಿ ನೀರು ಕೊಡುತ್ತಿದ್ದರು. ಅಲ್ಲಿಂದಾಚೆ ಕಡಿದಾದ ಇಳಿಜಾರು, ಅದರ ಬುಡದಲ್ಲಿ ಒಂದು ತಿರುವು, ತಿರುವಿಗೆ ಹಳ್ಳದ ಸೇತುವೆ. ಸವಾರ ಮೂರನೆಯವನಾಗಿ ಅಲ್ಲಿಗೆ ಬಂದ. ಕೊಟ್ಟ ಬಾಟಲಿ ಅವನ ಕೈಯಿಂದ ಜಾರಿತು. ಎತ್ತಿಕೊಟ್ಟರು, ಮತ್ತೆ ಜಾರಿತು. ಅವನು ಕಾಲೂರಿ ನಿಂತ.

ಅಲ್ಲಿದ್ದ ಸೈಕಲ್ ಮಿಸ್ತ್ರಿ ಬಾಟಲಿ ನೋಡಲಿಲ್ಲ, ಬೆರಳು ನೋಡಿದ. ನಟ್ಟು ಸಡಿಲಿಸಲು ಪಾನಾ ಕೈಗೆತ್ತಿಕೊಂಡ.

"ಇಳಿ. ಮೈಭಾರ ಎಲ್ಲಾ ಅಂಗೈ ಮ್ಯಾಲ ಬೀಳಾಕತ್ತೈತಿ. ಸೀಟ್ ಎರಡು ಬೆರಳು ತಗ್ಗಸ್ತೀನಿ, ಒಂದ್ ಬೆರಳು ಮುಂದ ಸರಸ್ತೀನಿ. ಒಂದ್ ನಿಮಿಷದ ಕೆಲಸ. ಹಿಂಗ ಹೋದ್ರ ಇಳಕಲದಾಗ ಬ್ರೇಕ್ ಹಿಡ್ಯಾಕ ಆಗೂದಿಲ್ಲ ನಿನಗ."

ಹತ್ತು ಹೆಜ್ಜೆ ಆಚೆ ಉಸ್ತಾದ ನಿಂತಿದ್ದ. ಸವಾರ ಅವನ ಕಡೆ ನೋಡಿದ. ಒಂದು ಮಾತು ಕೇಳಿದ್ದರೆ ಆಗಿತ್ತು. ಇಳಿಜಾರಿಗೆ ಧುಮುಕುವ ಧೈರ್ಯ ಅವನಿಗಿತ್ತು. ಉಸ್ತಾದನನ್ನು ಕೇಳುವ ಧೈರ್ಯ ಇರಲಿಲ್ಲ. ಹಿಂದಿನಿಂದ ನಾಲ್ಕನೆಯವನು ಏರು ಹತ್ತಿ ಬರುವುದು ಕಂಡಿತು. "ಬ್ಯಾಡ," ಎಂದು ಸವಾರ ಪೆಡಲ್ ತುಳಿದ.

ಸೈಕಲ್ ವೇಗ ಹಿಡಿಯಿತು. ಮುಂದಿನ ಇಬ್ಬರು ತಿರುವಿಗೆ ಸಾಕಷ್ಟು ಮೊದಲೇ ಬ್ರೇಕ್ ಹಿಡಿದದ್ದು ಅವನಿಗೆ ಕಂಡಿತು. ತಾನೂ ಹಿಡಿಯಬೇಕೆಂದುಕೊಂಡ. ಬೆರಳು ಮಡಿಚಲಿಲ್ಲ. ಮತ್ತೊಮ್ಮೆ ಹಿಡಿಯಲು ನೋಡಿದ. ಅಷ್ಟರಲ್ಲಿ ಜೋಮು ಇಡೀ ಅಂಗೈಗೆ ಹತ್ತಿತ್ತು, ಕೈ ಇದೆಯೋ ಇಲ್ಲವೋ ತಿಳಿಯಲಿಲ್ಲ. ಎದುರಿಗೆ ಸೇತುವೆಯ ಕಲ್ಲು, ಎಡಕ್ಕೆ ಉತ್ತ ಹೊಲ. ಸವಾರ ಸೈಕಲ್ ಸಮೇತ ಎಡಕ್ಕೆ ಉರುಳಿದ.

ಕಣ್ಣು ಬಿಟ್ಟಾಗ ಹೆಗಲಿನ ಎಲುಬು ಮುರಿದಿತ್ತು. ಉಳಿದವರು ಒಬ್ಬೊಬ್ಬರಾಗಿ ಸೇತುವೆ ದಾಟಿ ಹೋಗುತ್ತಿದ್ದರು. ಅವನು ಮಣ್ಣಿನಲ್ಲಿ ಬಿದ್ದುಕೊಂಡೇ ಅವರನ್ನು ನೋಡಿದ, ಆಮೇಲೆ ಅತ್ತ. ಎಲುಬಿಗಾಗಿ ಅತ್ತದ್ದಲ್ಲ.

ಉಸ್ತಾದ ಓಡಿಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಹಿಂದೆಯೇ ಬಂದ ಮಿಸ್ತ್ರಿ ನಡೆದದ್ದನ್ನು ಹೇಳಿದ.

"ನನ್ನ ಒಂದ್ ಮಾತ ಕೇಳಬಾರದಾಗಿತ್ತೇನೋ?" ಎಂದ ಉಸ್ತಾದ.

"ಅದು ನಿಮ್ಮ ಅಳತಿ, ಉಸ್ತಾದ್. ಹೆಂಗ ಮೀರ್ಲಿ?"

ಉಸ್ತಾದ ಅವನ ಜೇಬಿನಿಂದ ದಾರವನ್ನು ಎಳೆದುಕೊಂಡ. "ನಂದಲ್ಲೋ ಇದು. ನಮ್ಮ ಉಸ್ತಾದಂದು. ಅಂವ ನನಗಿಂತ ನಾಕ್ ಬೆರಳು ಎತ್ತರ ಇದ್ದ," ಎಂದು ಗಂಟು ಬಿಚ್ಚಲು ಹೋದ. ಬಿಚ್ಚಲಾಗಲಿಲ್ಲ. ಎರಡೂ ಕೈಗಳ ಕಿರುಬೆರಳು, ಅದರ ಪಕ್ಕದ ಬೆರಳು, ಒಳಕ್ಕೆ ಮಡಿಚಿಕೊಂಡೇ ಇದ್ದವು. ಇಪ್ಪತ್ತು ವರ್ಷದಿಂದ ಅವು ಹಾಗೆಯೇ ಇದ್ದವು. ಸವಾರನಿಗೆ ಚಹಾದ ಲೋಟ ನೆನಪಾಯಿತು.

ಅಪ್ಪಾರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮುರಿಗೆಯ್ಯ ತನ್ನ ಮೊಣಕಾಲು ನೋಡಿಕೊಂಡ. ಮೂರು ವರ್ಷ ಗಾದಿ, ಮರ, ಮಾಲೆ ಎಂದು ತಿರುಗಿದ್ದಕ್ಕೆ ನಾಚಿಕೆಯಾಯಿತು. ಆದರೂ ಕೇಳಿದ.

"ಹಂಗಾರ ನನ್ನ ದಾರ ಯಾವುದ್ರಿ, ಅಪ್ಪಾರ?"

ಅಪ್ಪಾರು ಗೋಡೆಗೆ ಕೈಯೂರಿ ಎದ್ದರು. ಒಂದು ಮೊಣಕಾಲು ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು. ಇನ್ನೊಂದು ನೆಟ್ಟಗಾಗಲೇ ಇಲ್ಲ. ಮುರಿಗೆಯ್ಯ ಅದನ್ನು ದಿನವೂ ನೋಡಿದ್ದ, ಇಂದು ಕಂಡ.

"ಮೂರು ತಾಸು ಕುಂದರತಿದ್ದಾವ್ರು ನಮ್ಮ ಗುರುಗಳು, ಮುರಿಗೆಯ್ಯ. ನನಗೂ ಅವ್ರನ್ನ ಕೇಳೂ ಧೈರ್ಯ ಆಗ್ಲಿಲ್ಲ."