ರಂಗೋಲಿ ದಾಟಿದವರೆಲ್ಲ ಓಡಿದವರು

ಈ ಕತೆಯನ್ನು ನಮಗೆ ಮೊದಲು ಹೇಳಿದವರು ಮಠದಲ್ಲಿ ಹೂ ಕಟ್ಟುತ್ತಿದ್ದ ಸಂಗವ್ವಜ್ಜಿ. ಶಿವನ ನೆನೆದು ಕೇಳಿರಪ್ಪ.

ಒಂದಾನೊಂದು ಊರಿನಲ್ಲಿ ದ್ಯಾವಪ್ಪ ಅಂತ ಒಬ್ಬ ಗಿಡ್ಡ. ಅವನ ಹೆಂಡತಿ ಹೊನ್ನವ್ವ ಬಲು ಉದ್ದ. ಆ ಊರಿನ ರಾಜನಿಗೆ ಮಧ್ಯಾಹ್ನದ ನಿದ್ದೆ ಅಂದರೆ ಪ್ರಾಣ. ಒಂದು ದಿನ ಯಾರೋ ಓಡಿದ ಸದ್ದಿಗೆ ಎಚ್ಚರವಾಯಿತು. "ಓಡುವವರೆಲ್ಲ ಹಳ್ಳದ ಆಚೆಗೆ. ನಡೆಯುವವರು ಮಾತ್ರ ಈಚೆಗೆ" ಅಂದ.

ಓಡುವವರು ಯಾರು, ನಡೆಯುವವರು ಯಾರು? ಅರಮನೆಯಲ್ಲಿ ಮಾತಾಡುವ ಅಳತೆಕೋಲು ಒಂದಿತ್ತು. "ಅದೇನು ಮಹಾ. ಊರಬಾಗಿಲಲ್ಲಿ ಬೂದಿ ಹರಡಿ. ಎಲ್ಲರ ಹೆಜ್ಜೆ ಅಳೆದು ಸರಾಸರಿ ತೆಗೀತೀನಿ. ಅದಕ್ಕಿಂತ ಉದ್ದವಾದರೆ ಓಟ, ಇಲ್ಲವಾದರೆ ನಡಿಗೆ" ಅಂದಿತು.

ಬೂದಿಯ ನಡುವೆ ಊರಬಾಗಿಲ ರಂಗೋಲಿ. ರಂಗೋಲಿ ತುಳಿಯಬಾರದಲ್ಲ. ಹೊನ್ನವ್ವ ಕೈಮುಗಿದು, ನಿರಿಗೆ ಎತ್ತಿ ಹಿಡಿದು, ನಿಧಾನವಾಗಿ ದಾಟಿದಳು.

"ಓಟ" ಅಂದಿತು ಕೋಲು.

ದ್ಯಾವಪ್ಪನ ಕಾಲು ಅಷ್ಟು ದೂರ ಎಟುಕಲಿಲ್ಲ. ಹೆಂಡತಿ ಹೋದಳಲ್ಲ ಅಂತ ರಂಗೋಲಿಯ ಅಂಚು ಹಿಡಿದು ಪುಟಪುಟನೆ ಓಡಿದ.

"ನಡಿಗೆ" ಅಂದಿತು ಕೋಲು.

"ಏದುಸಿರು ಬಿಡ್ತಿದೀನಲ್ಲಪ್ಪ."

"ಉಸಿರು ನನ್ನ ಅಳತೆಗೆ ಬರೋದಿಲ್ಲ."

ಹೊನ್ನವ್ವ ಆಚೆಗೆ ಹೋದಳು. ದ್ಯಾವಪ್ಪ ಈಚೆಗೆ ಉಳಿದ. ತಾನು ಓಡಿದ್ದೋ ನಡೆದದ್ದೋ ಅವನಿಗೇ ತಿಳಿಯದಾಯಿತು.

ಮರುದಿನ ರಾಜನಿಗೆ ತನ್ನ ಗೊರಕೆಗೇ ಎಚ್ಚರವಾಯಿತು. "ಇನ್ನೂ ಯಾರೋ ಓಡ್ತಿದಾರೆ" ಅಂದ. ಕೋಲು ಉಳಿದವರನ್ನಷ್ಟೇ ಅಳೆಯಿತು. ಉದ್ದ ಹೆಜ್ಜೆಯವರು ಹೋಗಿದ್ದರಿಂದ ಸರಾಸರಿ ಇಳಿದಿತ್ತು. ನಿನ್ನೆ ನಡೆದವರು ಇವತ್ತು ಓಡಿದವರಾದರು. ದಿನಾ ಗೊರಕೆ, ದಿನಾ ಸರಾಸರಿ. ಪೂಜಾರಿ ಹೋದ. ಅಡುಗೆಯವನು ಹೋದ. ಪಲ್ಲಕ್ಕಿ ಹೊರುವವರೂ ಹೋದರು. ದ್ಯಾವಪ್ಪ ದಿನಾ ಓಡಿದ, ದಿನಾ ನಡೆದವನೇ ಆದ.

ಕಡೆಗೆ ಅವನೊಬ್ಬನೇ ಉಳಿದ. ಒಬ್ಬನೇ ಇದ್ದರೆ ಅವನ ಹೆಜ್ಜೆಯೇ ಸರಾಸರಿ. "ನಡಿಗೆ" ಅಂದಿತು ಕೋಲು.

ದ್ಯಾವಪ್ಪ ತಲೆಮೇಲೆ ಕೈಹೊತ್ತು ಕೂತ. ಆಮೇಲೆ, "ಅಲ್ಲಪ್ಪ, ಮಹಾಪ್ರಭುಗಳೂ ಈಚೆಯವರೇ ತಾನೆ? ಅವರನ್ನೂ ಸೇರಿಸು" ಅಂದ.

ರಾಜ ಹೊರುವವರಿಲ್ಲದ ಪಲ್ಲಕ್ಕಿಯಲ್ಲಿ ಕೂತಲ್ಲೇ ಕೂತಿದ್ದ. ಅವನ ಹೆಜ್ಜೆ ಸೊನ್ನೆ. ಸೊನ್ನೆ ಸೇರಿದ್ದೇ ತಡ, ಸರಾಸರಿ ಅರ್ಧಕ್ಕೆ ಇಳಿಯಿತು.

"ಓಟ" ಅಂದಿತು ಕೋಲು.

ದ್ಯಾವಪ್ಪ ರಂಗೋಲಿಗೆ ಕೈಮುಗಿದು ಎದ್ದ. ಮೆಲ್ಲಗೆ, ಬಲು ಮೆಲ್ಲಗೆ ಹಳ್ಳ ದಾಟಿದ. ಊರೆಲ್ಲ ಅಲ್ಲೇ ಇತ್ತು.

"ಏನ್ರೀ, ಇಷ್ಟು ತಡ?" ಅಂದಳು ಹೊನ್ನವ್ವ.

"ಓಡೋಡಿ ಬಂದೆ ಕಣೇ" ಅಂದ ದ್ಯಾವಪ್ಪ.

ಈ ಕತೆಯ ನೀತಿ ಏನಪ್ಪಾ ಅಂದರೆ, ಹೆಂಡತಿಯ ಹತ್ತಿರ ಹೋಗಬೇಕಾದವನು ಕೂತಿರುವ ರಾಜನನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೀವು ಇದನ್ನು ಇನ್ನೊಬ್ಬರಿಗೆ ಹೇಳಿ. ಓಡುತ್ತಾ ಹೇಳಿದರೂ ಸರಿ, ನಡೆಯುತ್ತಾ ಹೇಳಿದರೂ ಸರಿ. ಕೋಲಿನ ಕಣ್ಣಿಗೆ ಮಾತ್ರ ಬೀಳಬೇಡಿ.