ಬೆಳದಿಂಗಳಲ್ಲಿ ಬಾತುಗಳು ತಡವಾಗಿ ಏಳುವುದು ಏಕೆ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಕೆರೆಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಚಂದ್ರ ಬೆಳಗುತ್ತಿದ್ದ, ಆದರೆ ಯಾರಿಗಾಗಿ ಬೆಳಗಬೇಕು ಅನ್ನುವುದು ಅವನಿಗೂ ತಿಳಿದಿರಲಿಲ್ಲ.

ಬಾತುಗಳಿಗೆ ಮಾತ್ರ ಹೊತ್ತು ಅಂದರೆ ಹೊತ್ತು. ಹಗಲೆಲ್ಲ ಕೆರೆಯಲ್ಲಿ ತೇಲುವುದು, ಸೂರ್ಯ ಮುಳುಗಿದ ಕೂಡಲೇ ಎದ್ದು ಕೆರೆಯ ಏರಿ ದಾಟಿ ಗದ್ದೆಗೆ ಮೇಯಲು ಹೋಗುವುದು. ಮೋಡವಿರಲಿ, ಬೆಳದಿಂಗಳಿರಲಿ, ಅದೇ ಹೊತ್ತು, ಅದೇ ದಾರಿ.

ಆ ದಾರಿಯಲ್ಲಿ ಹಕ್ಕಿ ಹಿಡಿಯುವ ಜುಂಜಣ್ಣ ಬಲೆ ಕಟ್ಟುತ್ತಿದ್ದ. ಏರಿಯ ಮೇಲೆ ಬಿದಿರ ಗಳು ನೆಟ್ಟು, ಆ ಕಡೆ ಒಂದು ಬಲೆ, ಈ ಕಡೆ ಒಂದು ಬಲೆ. ನಡುವೆ ಎರಡು ಮಾರು ಜಾಗ ಖಾಲಿ. ಅದಕ್ಕೆ ಬಾಗಿಲು ಅನ್ನುತ್ತಿದ್ದರು. ಬಾಗಿಲು ಬಿಡದೆ ಬಲೆ ಕಟ್ಟಬಾರದು, ಬಲೆಗಾರರ ಕಟ್ಟಳೆ ಅದು. ಹಿಂಡು ಬಾಗಿಲಲ್ಲಿ ದಾಟಿ ಹೋಗುತ್ತಿತ್ತು, ಅಂಚಿನಲ್ಲಿದ್ದ ಒಂದೋ ಎರಡೋ ಸಿಕ್ಕಿಕೊಳ್ಳುತ್ತಿದ್ದವು. ಬಾತುಗಳೂ ಅದಕ್ಕೆ ತಕರಾರು ತೆಗೆದಿರಲಿಲ್ಲ.

ಹೀಗಿರುವಾಗ ಜುಂಜಣ್ಣನ ಮಗಳು ಮಾರಕ್ಕ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಗು ಹುಟ್ಟಿತು. ತಾಯಿಗೆ ಎದೆಹಾಲೇ ಸಾಲದು. ಬಾತಿನ ಸಾರು ಕುಡಿದ ದಿನ ಹಾಲು ಇಳಿಯುತ್ತಿತ್ತು, ಕುಡಿಯದ ದಿನ ಇಲ್ಲ. ಆ ದಿನ ಮಗು ಅತ್ತು ಅತ್ತು ಗಂಟಲು ಕಟ್ಟಿಕೊಳ್ಳುತ್ತಿತ್ತು.

"ಅಪ್ಪಯ್ಯ, ನಾಳೆ ಹಕ್ಕಿ ಬೀಳದೇ ಹೋದರೆ?" ಎಂದಳು ಮಾರಕ್ಕ.

ಜುಂಜಣ್ಣನಿಗೆ ರಾತ್ರಿಯೆಲ್ಲ ಅದೇ ಯೋಚನೆ. ಮಾರನೆಯ ದಿನ ಹಳೆಯ ಬಲೆಯೊಂದನ್ನು ತಂದು ಬಾಗಿಲನ್ನೇ ಮುಚ್ಚಿಬಿಟ್ಟ. ಯಾರೂ ಮಾಡದ ಕೆಲಸ.

ಸೂರ್ಯ ಮುಳುಗಿದ. ಹಿಂಡು ಎದ್ದಿತು. ಬಂದದ್ದೆಲ್ಲ ಬಲೆಗೆ ಬಿತ್ತು, ಒಂದೂ ಆಚೆ ಹೋಗಲಿಲ್ಲ. ಹಿಂಡಿನ ಹಿರಿಯಳು ಬಾತಜ್ಜಿ ತಲೆಕೆಳಗಾಗಿ ನೇತಾಡುತ್ತಲೇ ಕೇಳಿದಳು.

"ಜುಂಜಣ್ಣ, ಬಾಗಿಲೆಲ್ಲಿ?"

"ಮುಚ್ಚಿದೆ ಅಜ್ಜಿ."

"ಸಾರಿಗೆ ಎಷ್ಟು ಹಕ್ಕಿ ಬೇಕು?"

"ಒಂದು."

"ನಾವು ನಲವತ್ತು ಇದ್ದೀವಲ್ಲಪ್ಪ."

"ನಾಳೆ ನೀವು ಬರದಿದ್ದರೆ ಅಂತ ಭಯವಾಯ್ತು."

"ನಲವತ್ತನ್ನೂ ಹಿಡಿದರೆ ನಾಳೆ ಬರೋಕೆ ಯಾರಿರ್ತಾರೆ?"

ಜುಂಜಣ್ಣ ಬಲೆ ಕೆಳಗಿಳಿಸಿದ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಡಿಸಿ ಹಾರಿಬಿಟ್ಟ. ಬಿಟ್ಟರೇನು, ಬಾತುಗಳಿಗೆ ಅವನ ಮೇಲಿದ್ದ ನಂಬಿಕೆ ಹೋಗಿತ್ತು.

ಬಾತಜ್ಜಿ ನೆಟ್ಟಗೆ ಚಂದ್ರನ ಬಳಿ ದೂರು ಒಯ್ದಳು. ಚಂದ್ರನಿಗೆ ಕೆಲಸ ಸಿಕ್ಕಿದ್ದೇ ಖುಷಿ. "ನಾನು ಮೇಲೇರುವ ತನಕ ನೀವು ಏಳಬೇಡಿ," ಎಂದ. "ಬಲೆಯ ಎಳೆ ಎಳೆಯನ್ನೂ ತೋರಿಸುತ್ತೇನೆ. ಇದು ನನ್ನ ಮಾತು."

ಮರುಸಂಜೆ ಬಾತುಗಳು ಏಳಲಿಲ್ಲ. ಕೆರೆಯ ನಡುವೆ ಗುಜುಗುಜು ಮಾತಾಡಿಕೊಂಡು ಕೂತವು. ಚಂದ್ರ ಮೇಲೇರಿದ. ಇಬ್ಬನಿ ಕೂತ ಬಲೆ ಬೆಳ್ಳಗೆ ಹೊಳೆಯಿತು. ಆಗ ಎದ್ದು ಅದರ ಮೇಲಿಂದ ಎತ್ತರದಲ್ಲಿ ಹಾರಿಹೋದವು. ಜುಂಜಣ್ಣ ಬರಿಗೈಯಲ್ಲಿ ಮನೆಗೆ ಬಂದ. ಎರಡನೆಯ ಸಂಜೆಯೂ ಹಾಗೇ, ಮೂರನೆಯ ಸಂಜೆಯೂ ಹಾಗೇ.

ನಾಲ್ಕನೆಯ ದಿನ ಬೆಳಗಾಗುತ್ತಲೇ ಜುಂಜಣ್ಣ ಬಲೆಯನ್ನು ಮನೆಯಲ್ಲೇ ಬಿಟ್ಟು, ಮಗುವನ್ನು ಎತ್ತಿಕೊಂಡು ಕೆರೆಗೆ ಹೋದ. ನೀರಿನ ಅಂಚಿನಲ್ಲಿ ನಿಂತು, "ತಪ್ಪು ನನ್ನದು. ಹೊಟ್ಟೆಗೆ ಹಾಕ್ಕೊಳ್ಳಿ," ಎಂದ.

ಮಗು ಅಳುತ್ತಿತ್ತು. ಅದರ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಅದನ್ನು ಕೇಳಲು ಬಾತಜ್ಜಿ ದಡದವರೆಗೂ ಈಜಿಕೊಂಡು ಬರಬೇಕಾಯಿತು. ಮರಿಗಳನ್ನು ಸಾಕಿದವಳು, ಕತ್ತು ಚಾಚಿ ಮಗುವಿನ ಮುಖ ನೋಡಿದಳು.

"ಇದಕ್ಕೇನಾ ಸಾರು?"

"ಇದರ ತಾಯಿಗೆ."

ಬಾತಜ್ಜಿ ಇನ್ನೂ ಮುಳುಗದ ಚಂದ್ರನ ಕಡೆ ನೋಡಿದಳು. "ಕೊಟ್ಟ ಮಾತು ಹಿಂದಕ್ಕೆ ತಗೊಳ್ಳೋಕೆ ಆಗಲ್ಲ," ಎಂದು ಚಂದ್ರ ಮುಖ ತಿರುಗಿಸಿದ.

ಎಲ್ಲದರಲ್ಲೂ ಮೂಗು ತೂರಿಸುವ ಗಾಳಿ ಅಲ್ಲೇ ಜೊಂಡಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿತ್ತು. "ನೀನು ಮಾತು ತಪ್ಪೋದು ಬೇಡ ಮಾರಾಯ," ಎಂದಿತು. "ಮೋಡಕ್ಕ ಬಂದು ನಿನ್ನನ್ನು ಮುಚ್ಚಲಿ. ನಾನು ಎದುರಿಗೆ ಬೀಸ್ತೀನಿ. ಆಗ ಇವರು ಮೇಲೆ ಹಾರೋಕಾಗಲ್ಲ."

"ನನ್ನದೇನೂ ಅಡ್ಡಿಯಿಲ್ಲ," ಎಂದಳು ಮೋಡಕ್ಕ.

ಬಾತಜ್ಜಿ ಕೆರೆಯ ನಡುವೆ ತೇಲುತ್ತಿದ್ದ ತನ್ನವರ ಕಡೆ ತಿರುಗಿ ನೋಡಿದಳು. ಹೋಗುವುದು ತನ್ನ ಹಿಂಡಿನ ಜೀವವೇ ತಾನೆ. ಕೊನೆಗೆ ಜುಂಜಣ್ಣನಿಗೆ ಉತ್ತರ ಹೇಳಲಿಲ್ಲ, ಮಗುವಿಗೇ ಹೇಳಿದಳು. "ಬೆಳದಿಂಗಳ ಸಂಜೆ ನಮ್ಮದು. ಮೋಡ ಗಾಳಿಯ ಸಂಜೆ ನಿಂದು. ಅವತ್ತು ನಾವು ಕತ್ತಲಾಗೋದಕ್ಕೆ ಮುಂಚೆಯೇ ಏಳ್ತೀವಿ, ಕೆಳಗೇ ಹಾರ್ತೀವಿ. ಬಾಗಿಲು ಮಾತ್ರ ಬಿಟ್ಟಿರಬೇಕು ಅಂತ ನಿಮ್ಮ ತಾತನಿಗೆ ಹೇಳು."

ಅವತ್ತೇ ಸಂಜೆ ಮೋಡ ಕವಿಯಿತು, ಗಾಳಿ ಬೀಸಿತು. ಬಾಗಿಲು ಬಿಟ್ಟಿದ್ದ ಬಲೆಗೆ ಒಂದೇ ಒಂದು ಬಾತು ಬಿತ್ತು. ಮಾರಕ್ಕ ಬಿಸಿಬಿಸಿ ಸಾರು ಕುಡಿದಳು. ಮಗು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತು. ಜುಂಜಣ್ಣ ಅದರ ಪಕ್ಕದಲ್ಲೇ ಕೂತು ಅತ್ತುಬಿಟ್ಟ.

ಬೆಳದಿಂಗಳ ಸಂಜೆ ಕೆರೆ ಹತ್ತಿರ ಹೋಗಿ ನೋಡಿ, ಚಂದ್ರ ಮೇಲೇರುವ ತನಕ ಬಾತುಗಳು ನೀರು ಬಿಟ್ಟು ಏಳುವುದಿಲ್ಲ. ಮೋಡ ಕವಿದು ಗಾಳಿ ಬೀಸುವ ಸಂಜೆಯಾದರೋ, ಮನೆಗಳಲ್ಲಿ ದೀಪ ಹಚ್ಚುವ ಮೊದಲೇ ಎದ್ದು ನಿಮ್ಮ ತಲೆಗೆ ತಾಗುವಷ್ಟು ಕೆಳಗೆ ಹಾರಿಹೋಗುತ್ತವೆ, ಏಕೆಂದರೆ ಆ ಹಸುಗೂಸಿಗೆ ಕೊಟ್ಟ ಮಾತನ್ನು ಅವು ಇವತ್ತಿಗೂ ಮುರಿದಿಲ್ಲ.