ಒಂದು ಮೊಲೆ ಕರುವಿಗೆ

ಇದು ನಿಮ್ಮಜ್ಜಿ ಹೇಳ್ತಿದ್ದ ಕತೆ, ಕೂಸೇ. ಅವಳು ಉದ್ದಕ್ಕೆ ಹೇಳೋಳು. ನಂಗೆ ಬರೋದು ಇಷ್ಟೇ. ಮಗ್ಗುಲಿಗೆ ಬಾ, ಕೇಳು.

ಒಂದಾನೊಂದು ಕಾಲದಲ್ಲಿ, ಊರಿಗೆ ಊರೇ ಮಣ್ಣಿನ ಮಡಕೇಲಿ ಬೇಯಿಸಿ ಉಣ್ತಿದ್ದ ಕಾಲದಲ್ಲಿ, ಮುದ್ದಶೆಟ್ಟಿ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು, ಕೊನೇದು ಹೆಣ್ಣು. ಅವಳ ಹೆಸರು ದೇವೀರಿ. ಏಳು ವರ್ಷ. ಹೆಂಡತಿ ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡಿದ್ದಳಂತೆ. ಹೆಂಡತಿ ಹೋದ ಮನೇಲಿ ಗಂಡಸರಿಗೆ ಏನು ಕಾಣುತ್ತೆ. ಒಲೆ ಉರೀತಿದ್ರೆ ಎಲ್ಲಾ ಸರಿಯಾಗಿದೆ ಅಂದ್ಕೋತಾರೆ. ಆ ಒಲೆ ಮುಂದೆ ಕೂತಿದ್ದೋಳು ದೇವೀರಿ.

ಆಮೇಲೆ ಆ ಹುಡುಗಿ ಮಣ್ಣು ತಿನ್ನೋಕೆ ಶುರು ಮಾಡಿದಳಂತೆ. ಮೊದಲು ಅಪ್ಪ ಮಡಕೆ ಮಾಡೋ ಚಕ್ರ, ಆ ತಿಗರಿ ಅಂಚಲ್ಲಿ ಒಣಗಿದ ಚೂರು, ಆಮೇಲೆ ಗೋಡೆ ಸುಣ್ಣದ ಹಕ್ಕಳೆ, ಆಮೇಲೆ ಒಲೆ ಇದ್ದಿಲು, ಆಮೇಲೆ ಒಡೆದ ಮಡಕೆ ಬೋಕಿ. ಬೇಡ ಅಂದ್ರೆ ಹೂಂ ಅನ್ನೋಳು, ಬೆನ್ನು ತಿರುಗಿಸಿದ್ರೆ ಕಟುಂ ಅಂತ ಶಬ್ದ. ಅವಳಿಗೇ ಬೇಡ ಅನ್ಸಿದ್ರೂ ಕೈ ತಾನಾಗೇ ಬಾಯಿಗೆ ಹೋಗೋದಂತೆ. ಹೊಟ್ಟೆ ಗುಡಾಣದ ಹಾಗೆ ಊದ್ತು, ಕೈಕಾಲು ಕಡ್ಡಿ ಆಯ್ತು, ಮೂರು ಮೆಟ್ಟಿಲು ಹತ್ತಿದ್ರೆ ಏದುಸಿರು. ಹೆಂಡತಿ ಹೋದ ದಾರೀಲೇ ಮಗಳೂ ಹೋಗ್ತಾಳೇನೋ ಅಂತ ಮುದ್ದಶೆಟ್ಟಿಗೆ ದಿಗಿಲಾಯ್ತು. ಮೂರು ಗಂಡುಮಕ್ಕಳನ್ನೂ ಕೂರಿಸ್ಕೊಂಡು, ಇದನ್ನ ಬಿಡಿಸಿದೋರಿಗೆ ನನ್ನ ತಿಗರಿ ಅಂದನಂತೆ.

ಮೊದಲು ದೊಡ್ಡೋನು. ಮಣ್ಣು ತಿಂದ್ರೆ ಹೊಟ್ಟೇಲಿ ಮಡಕೆ ಬೆಳೆಯುತ್ತೆ, ಒಂದಿನ ಹೊಟ್ಟೆ ಒಡ್ಕೊಂಡು ಆಚೆ ಬರುತ್ತೆ ಅಂತ ಹೆದರಿಸಿದ. ದೇವೀರಿ ಅತ್ತು ಅತ್ತು ಮಲಗಿದಳು. ಬೆಳಿಗ್ಗೆ ಎದ್ದು ಹೊಟ್ಟೆ ತಟ್ಟಿ ನೋಡ್ಕೊಂಡಳು, ಮಡಕೆ ಕೊಳ್ಳೋರು ತಟ್ಟಿ ನೋಡ್ತಾರಲ್ಲ, ಹಂಗೆ. ಬಿರುಕು ಇಲ್ಲ ಕಣಣ್ಣ, ಚೆನ್ನಾಗಿ ಬೆಂದಿದೆ ಅಂದಳಂತೆ. ಮತ್ತೆ ತಿಂದಳು.

ಆಮೇಲೆ ನಡುವಲೋನು. ಮಾತಿಗೆ ಬಗ್ಗೋದಲ್ಲ ಇದು ಅಂತ ಬೇವಿನ ಸೊಪ್ಪು ಅರೆದು, ಹದ ಮಾಡಿಟ್ಟ ಮಣ್ಣಿಗೆಲ್ಲ ಕಲಸಿಬಿಟ್ಟನಂತೆ. ದೇವೀರಿ ಮುಖ ಕಿವುಚಿ ಕಿವುಚಿ ತಿಂದಳು. ಆದ್ರೆ ಆ ಮಣ್ಣಲ್ಲಿ ಮಾಡಿದ ಮಡಕೇಲಿ ಊರೋರ ಮೊಸರೆಲ್ಲ ಕಹಿ ಆಯ್ತಂತೆ. ಹೆಂಗಸರು ಮಡಕೆ ಹೊತ್ಕೊಂಡು ಬಂದು ಜಗಲಿ ಮೇಲೆ ಇಳಿಸಿ, ಏನಪ್ಪಾ ಶೆಟ್ಟಿ, ನಿಮ್ಮನೇಲಿ ಯುಗಾದಿ ಮುಗಿಯೋದೇ ಇಲ್ವಾ, ಬೇವು ಕೊಟ್ಟೆ, ಬೆಲ್ಲ ಎಲ್ಲಿ ಅಂತ ಕೇಳಿದ್ರಂತೆ.

ಆಮೇಲೆ ಚಿಕ್ಕೋನು. ಕರು ಮಣ್ಣು ತಿಂದ್ರೆ ಏನು ಮಾಡ್ತಾರೆ, ಬಾಯಿಗೆ ಕುಕ್ಕೆ ಕಟ್ತಾರೆ ಅಂದ. ಬಲೆ ಥರ ಹೆಣೆದು ಮೂತಿಗೆ ಹಾಕೋ ಚೀಲ ಅದು. ತಂಗಿ ಅಂತ ಮೆತ್ತಗಿನ ದಾರದಲ್ಲೇ ಹೆಣೆದನಂತೆ. ಉಣ್ಣೋವಾಗ ಮಾತ್ರ ಬಿಚ್ಚೋನು. ಮೂರು ದಿನ ಒಂದು ಚೂರು ಮಣ್ಣು ಬಾಯಿಗೆ ಹೋಗ್ಲಿಲ್ಲ. ಗೆದ್ದೆ ಅಂತ ತಿಗರಿ ಮೇಲೆ ಕೈಯಿಟ್ಟ. ಆದ್ರೆ ದೇವೀರಿ ಮಾತೂ ಬಿಟ್ಟಿದ್ದಳು. ನಾಲ್ಕನೇ ದಿನ ನೀರಿನ ಕೊಡ ಹೊತ್ತು ಬಂದು ಹೊಸಿಲ ಮೇಲೆ ಕುಸಿದುಬಿದ್ದಳಂತೆ.

ಅದೇ ಹೊತ್ತಿಗೆ ಹಾಲಿನ ಮಡಕೆ ಕೊಳ್ಳೋಕೆ ನಿಂಗವ್ವ ಅನ್ನೋ ಮುದುಕಿ ಬಂದಳು. ಹತ್ತು ಹಸು ಸಾಕಿದೋಳು, ಬಾಯಿ ಜೋರು. ಇದ್ಯಾವ ಕರುವಪ್ಪಾ ಅಂತ ನಗ್ತಾ ಹತ್ರ ಬಂದೋಳು, ಬಗ್ಗಿ ನೋಡಿ ನಗೋದು ನಿಲ್ಲಿಸಿದಳಂತೆ. ಕುಕ್ಕೆ ಬಿಚ್ಚಿದಳು. ನೀರು ಕುಡಿಸಿದಳು. ಕೆಳಗಿನ ರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇಲ್ಲ, ಬೂದಿ ಥರ ಬಿಳಿ. ಚಿಕ್ಕೋನು ಮೆಲ್ಲಗೆ, ಕರುವಿಗೂ ಹಿಂಗೇ ಅಲ್ವಾ ನಿಂಗವ್ವಾ ಕಟ್ಟೋದು ಅಂದ.

"ಹೂಂ ಕಣಪ್ಪ, ಕಟ್ತೀನಿ. ಕಟ್ಟಿ, ಒಂದು ಮೊಲೆ ಕರುವಿಗೆ ಬಿಡ್ತೀನಿ. ನಾಲ್ಕೂ ನಾವೇ ಹಿಂಡ್ಕೊಂಡ್ರೆ ಅದು ಮಣ್ಣು ತಿನ್ನದೆ ಇನ್ನೇನು ತಿನ್ನುತ್ತೆ. ನೀವು ಇವಳಿಗೆ ಏನು ಬಿಟ್ಟಿದ್ದೀರಿ?"

ಮುದ್ದಶೆಟ್ಟಿ ಎದ್ದು ಅಡುಗೆಮನೆಗೆ ಹೋದ. ಹೆಂಡತಿ ಸತ್ತ ಮೇಲೆ ಅವತ್ತೇ ಮೊದಲು ಅವನು ಮಡಕೆ ಒಳಗೆ ಬಗ್ಗಿ ನೋಡಿದ್ದು. ನಾಲ್ಕು ಜನ ಗಂಡಸರು ಉಂಡು ಎದ್ದ ಮೇಲೆ ತಳದಲ್ಲಿ ಸೀದ ಹಿಟ್ಟು, ನೀರಂಥ ಸಾರು. ವರ್ಷವೆಲ್ಲ ಮಗಳು ಉಂಡಿದ್ದು ಅದನ್ನೇ. ಉಂಡ್ಯಾ ಅಂತ ಕೇಳಿದ್ರೆ ಉಂಡೆ ಅನ್ನೋಳು. ಅದು ಸುಳ್ಳೂ ಅಲ್ಲ.

ಆಮೇಲೆ ನಿಂಗವ್ವ ಅವಳನ್ನ ಪಂಡಿತರ ಹತ್ರ ಕರ್ಕೊಂಡು ಹೋದಳು. ಜಂತುಹುಳಕ್ಕೆ ಮದ್ದು, ರಕ್ತ ಊರೋಕೆ ಮದ್ದು ಕೊಟ್ರು. ಮನೇಲಿ ಮೊದಲ ಮುದ್ದೆ ದೇವೀರಿಗೆ, ಜೊತೆಗೆ ನುಗ್ಗೆಸೊಪ್ಪು, ಹುರುಳಿ ಸಾರು. ಅವಳು ಉಂಡ ಮೇಲೆ ಗಂಡಸರು. ದೊಡ್ಡೋನು ನೀರು ಹೊತ್ತ, ನಡುವಲೋನು ಮುದ್ದೆ ತಿರುವಿದ. ಅವನ ಮುದ್ದೆ ತುಂಬ ಗಂಟು. ಇದಕ್ಕಿಂತ ಮಣ್ಣೇ ನುಣ್ಣಗಿತ್ತು ಕಣಣ್ಣ ಅಂದಳಂತೆ ದೇವೀರಿ. ಮಾತು ಬಂತಲ್ಲ ಅಂತ ಎಲ್ರೂ ನಕ್ಕರು. ಚಿಕ್ಕೋನು ಕುಕ್ಕೆಯ ಹೆಣಿಗೆ ಬಿಚ್ಚಿ, ಅದೇ ದಾರದಲ್ಲಿ ಅವಳ ಸೊಂಟಕ್ಕೆ ಸಣ್ಣ ಚೀಲ ಹೆಣೆದು ಹುರಿಗಡಲೆ ತುಂಬಿಸಿದ. ಕೈ ಮಣ್ಣಿಗೆ ಹೋದ್ರೆ ಯಾರೂ ಛೀ ಅನ್ನಬಾರದು, ಹತ್ರ ಕೂತು ಕಡಲೆ ಕೊಡಬೇಕು. ಅದು ನಿಂಗವ್ವನ ಕಟ್ಟಪ್ಪಣೆ.

ಒಂದೇ ದಿನಕ್ಕೆ ಬಿಡ್ತಾ? ಇಲ್ಲ. ಹುಣ್ಣಿಮೆಗೆ ಒಂದು ಸಲ ತಿಂದಳು, ಅಮಾಸೆಗೆ ಒಂದು ಸಲ. ತಾನೇ ಬಂದು, ಅಪ್ಪಾ ಇವತ್ತು ತಿಂದೆ ಅಂದಳಂತೆ. ಹೇಳಿದೆಯಲ್ಲ, ಸಾಕು, ಬಾಯಿ ತೊಳ್ಕೊ ಬಾ ಅಂದ ಮುದ್ದಶೆಟ್ಟಿ. ಅಷ್ಟೇ.

ಆಮೇಲೆ ಮೂರು ತಿಂಗಳು ಕಳೀತು. ಕೆನ್ನೆ ತುಂಬ್ಕೊಂಡ್ತು. ಒಂದಿನ ದೇವೀರಿ ತಿಗರಿ ಹತ್ರ ಹೋಗಿ ಒಂದು ಹಿಡಿ ಹಸಿ ಮಣ್ಣು ತಗೊಂಡಳು. ಅಪ್ಪ, ಅಣ್ಣಂದಿರು ಉಸಿರು ಬಿಗಿ ಹಿಡ್ಕೊಂಡ್ರು. ಅವಳು ಮೂಗಿಗೆ ಹಿಡಿದು ಮೂಸಿದಳು. ಮೂಸಿ, ಕೆಳಗಿಟ್ಟು, ಕೂತ್ಕೊಂಡು ಒಂದು ಕರು ಮಾಡಿದಳಂತೆ. ಬಾಯಿ ತೆರೆದ ಕರು. ಕುಕ್ಕೆ ಇಲ್ಲ.

ಮುದ್ದಶೆಟ್ಟಿ ನಿಂಗವ್ವನ್ನ ಕರೆಸಿ, ಬಿಡಿಸಿದೋಳು ನೀನು, ತಿಗರಿ ನಿಂದು ಅಂದ. ನಾನೇನು ಅದರ ಮೇಲೆ ಕೂತು ಹಾಲು ಕರೀಲಾ, ಬಿಟ್ಟೋಳು ಅವಳು, ಅವಳಿಗೇ ಕೊಡು ಅಂದಳಂತೆ. ಕೊಟ್ಟ. ದೇವೀರಿ ದೊಡ್ಡೋಳಾಗಿ ಆ ತಿಗರಿ ತಿರುಗಿಸಿ ಮಾಡಿದ ಮಡಕೇಲಿ ಊರೋರ ಮೊಸರು ಕಲ್ಲಿನ ಹಂಗೆ ಹೆಪ್ಪಾಗೋದಂತೆ. ಎಲ್ರೂ ಸುಖವಾಗಿದ್ರು.

ಕೂಸೇ, ನಿನ್ನ ಲಂಗದ ಜೇಬಲ್ಲಿ ಕಚ್ಚಿ ಉಳಿದ ಬಳಪದ ಚೂರು ಇದೆ. ನಂಗೊತ್ತು. ಕಿತ್ಕೊಳ್ಳಲ್ಲ. ನಾನೂ ಮಡಕೆ ಬಗ್ಗಿ ನೋಡೋದು ತಡ ಮಾಡಿದೆ. ಬೆಳಿಗ್ಗೆ ಇಬ್ಬರೂ ಡಾಕ್ಟರಮ್ಮನ ಹತ್ರ ಹೋಗಿ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬರೋಣ. ಬಂದ ಮೇಲೆ ಮೊದಲ ಮುದ್ದೆ ನಿಂದು. ಗಂಟಿದ್ರೆ ನಗು.

ಈಗ ಅಂಗೈ ಚಾಚು. ಕತೆ ಮುಗೀತು, ಕಡಲೆ ಮುಗಿದಿಲ್ಲ.